ಹಿಡಿತದ ಬಲಕ್ಕೆ ಕೆಟಲ್‌ಬೆಲ್ ತರೋದಾ, ಮುದ್ಗಲ್ ಮಾಡ್ಕೊಳ್ಳೋದಾ?

ಪುಣೆ, ಮುಂಬಯಿ ಕಡೆಯ ನಮ್ಮ ಕನ್ನಡದವರಿಂದ ಈಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೈಹಿಡಿತ ಗಟ್ಟಿ ಮಾಡಿಕೊಳ್ಳಬೇಕು, ಕೆಟಲ್‌ಬೆಲ್ ತರಬೇಕಾ, ಇಲ್ಲಾ ತಾಲೀಮಿನವರ, ಅಂದರೆ ಗರಡಿಯವರ ಹಾಗೆ ಮುದ್ಗಲ್ ಬೀಸಬೇಕಾ? ಕೆಟಲ್‌ಬೆಲ್ ಅಂದರೆ ಮೇಲೆ ಹಿಡಿಕೆ ಇರುವ ಕಬ್ಬಿಣದ ಗುಂಡು. ಮುದ್ಗಲ್ ಅಂದರೆ ಒಂದು ತುದಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ ಹಿಡಿಕೆ ಇರುವ, ಸುತ್ತಿ ಬೀಸುವ ಮರದ ಸಾಧನ. ಕೇಳುವವರು ಎಲ್ಲರೂ ಒಂದೇ ಥರದವರಲ್ಲ. ಹಿಂಜವಡಿಯಲ್ಲಿ ದಿನವಿಡೀ ಕೀಬೋರ್ಡ್ ಒತ್ತುವ ಹುಡುಗರಿದ್ದಾರೆ. ಡೊಂಬಿವಲಿಯಿಂದ ಲೋಕಲ್ ಟ್ರೇನಿನಲ್ಲಿ ಮೇಲಿನ ಹಿಡಿಕೆಗೆ ಜೋತುಬಿದ್ದು ಹೋಗುವ ಬ್ಯಾಂಕಿನವರಿದ್ದಾರೆ. ಹೋಟೆಲ್ ಅಡುಗೆಮನೆಯಲ್ಲಿ ಸಾಂಬಾರಿನ ಪಾತ್ರೆ ಎತ್ತಿ ಇಳಿಸುವ ಕುಂದಾಪುರದ ಅಣ್ಣಂದಿರಿದ್ದಾರೆ. ಬಾಟಲಿಯ ಮುಚ್ಚಳ ತಿರುಗಿಸಲು ಮಗನನ್ನು ಕರೆಯಬೇಕಾದ ಅಮ್ಮಂದಿರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟಲ್‌ಬೆಲ್ ಮುಖ್ಯವಾಗಿ ಬೆರಳುಗಳಿಗೆ ಕೆಲಸ ಕೊಡುತ್ತದೆ. ಮುದ್ಗಲ್ ಮುಖ್ಯವಾಗಿ ಮಣಿಕಟ್ಟಿಗೆ ಕೆಲಸ ಕೊಡುತ್ತದೆ. ನಿಮ್ಮ ಕೈ ಎಲ್ಲಿ ಸೋಲುತ್ತದೆ ಅಂತ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ. ಉಳಿದ ಅರ್ಧ ನಿಮ್ಮ ಮನೆಯ ಜಾಗ, ಜೇಬು ಮತ್ತು ಭುಜದ ಮೇಲೆ ನಿಂತಿದೆ.

ಮೊದಲು ಏನನ್ನು ಅಳೆಯಬೇಕು

ಹಿಡಿತ ಅಂದರೆ ಒಂದೇ ಬಲ ಅಲ್ಲ. ಒದ್ದೆ ಬಟ್ಟೆ ಹಿಂಡುವಾಗ ಬೆರಳು ಅಂಗೈಯೊಳಗೆ ಮಡಚಿ ಒತ್ತುತ್ತದೆ. ಇದು ಹಿಂಡುವ ಹಿಡಿತ. ಸಾಮಾನಿನ ಚೀಲ ಹಿಡಿದು ಮೂರು ಮಹಡಿ ಹತ್ತುವಾಗ ಬೆರಳು ಬಿಚ್ಚದಂತೆ ಕಾಪಾಡಿಕೊಳ್ಳಬೇಕು. ಇದು ತೂಗಿ ಹಿಡಿಯುವ ಹಿಡಿತ. ಇಟ್ಟಿಗೆಯನ್ನು ಮೇಲಿನಿಂದ ಎತ್ತುವಾಗ ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ ಒತ್ತುತ್ತವೆ. ಇದು ಚಿವುಟು ಹಿಡಿತ. ಇವು ಮೂರೂ ಬೆರಳಿನ ಕೆಲಸ. ನಾಲ್ಕನೆಯದು ಮಣಿಕಟ್ಟಿನದು. ಉದ್ದ ಹಿಡಿಕೆಯ ಬಾಣಲೆಯನ್ನು ಒಂದೇ ಕೈಯಲ್ಲಿ ಎತ್ತಿ ಎಣ್ಣೆ ಬಗ್ಗಿಸಿ ನೋಡಿ. ಬೆರಳು ಹಿಡಿದೇ ಇರುತ್ತದೆ, ಆದರೆ ಮಣಿಕಟ್ಟು ನಡುಗುತ್ತದೆ. ಬಹಳ ಜನ ಹಿಡಿತ ಕಮ್ಮಿ ಅಂತ ದೂರುವುದು ನಿಜವಾಗಿ ಈ ನಾಲ್ಕನೆಯದನ್ನೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಬಕೆಟ್‌ನಲ್ಲಿ 15 ಲೀಟರ್ ನೀರು ತುಂಬಿ ಒಂದು ಕೈಯಲ್ಲಿ ಹಿಡಿದು ನಿಲ್ಲಿ. ನೀರಿನ ತೂಕ ಲೀಟರಿಗೆ 1 ಕೆಜಿ, ಹಾಗಾಗಿ ಲೆಕ್ಕ ಸುಲಭ. ಅರ್ಧ ನಿಮಿಷದೊಳಗೆ ಬೆರಳು ಬಿಚ್ಚಿಕೊಳ್ಳತೊಡಗಿದರೆ ಬೆರಳಿನ ಬಲ ಕಮ್ಮಿ. ಆಮೇಲೆ ನೆಲ ಒರೆಸುವ ಕೋಲನ್ನು ತುದಿಯಲ್ಲಿ ಹಿಡಿಯಿರಿ. ಕೈ ಪಕ್ಕದಲ್ಲಿ ನೇರ ಇರಲಿ. ಮೊಣಕೈ ಮಡಚದೆ, ಬರೀ ಮಣಿಕಟ್ಟಿನಿಂದ ಕೋಲಿನ ಮುಂದಿನ ತುದಿಯನ್ನು ನೆಲದಿಂದ ಮೇಲೆತ್ತಿ. ಎತ್ತಲಾಗದಿದ್ದರೆ, ಅಥವಾ ಎಡಗೈಗೂ ಬಲಗೈಗೂ ತುಂಬಾ ವ್ಯತ್ಯಾಸ ಕಂಡರೆ, ನಿಮಗೆ ಮಣಿಕಟ್ಟಿನ ಕೆಲಸ ಬೇಕು.

ಇದಾದ ಮೇಲೆ ಜಾಗ. ನಮ್ಮ ಫ್ಲ್ಯಾಟ್‌ಗಳಲ್ಲಿ ಸೂರು ಸುಮಾರು 9 ಅಡಿಯಿಂದ ಒಂಬತ್ತೂವರೆ ಅಡಿ ಎತ್ತರ ಇರುತ್ತದೆ. ಫ್ಯಾನ್ ಅದಕ್ಕಿಂತ ಒಂದಡಿ ಕೆಳಗೆ. ಐದೂವರೆ ಅಡಿ ಎತ್ತರದ ಮನುಷ್ಯ ಮುಷ್ಟಿ ಮೇಲೆತ್ತಿದರೆ ಆರೂವರೆ ಅಡಿ ದಾಟುತ್ತದೆ. ಕೈಯಲ್ಲಿ 2 ಅಡಿ ಉದ್ದದ ಮುದ್ಗಲ್ ಇದ್ದರೆ ಅದರ ತಲೆ ಫ್ಯಾನಿನ ರೆಕ್ಕೆಯ ಮಟ್ಟಕ್ಕೆ ಹೋಯಿತು. ಕೆಟಲ್‌ಬೆಲ್‌ಗೆ ಈ ತೊಂದರೆ ಇಲ್ಲ, ಆದರೆ ಅದಕ್ಕೆ ಕೆಳಗಿನ ಮನೆಯವರ ತೊಂದರೆ ಇದೆ. 16 ಕೆಜಿ ಕಬ್ಬಿಣ ಟೈಲ್ಸ್ ಮೇಲೆ ಬಿದ್ದರೆ ಟೈಲ್ಸೂ ಒಡೆಯುತ್ತದೆ, ಕೆಳಗಿನ ಮನೆಯ ಆಂಟಿ ಮೇಲೂ ಬರುತ್ತಾರೆ. ದಪ್ಪ ರಬ್ಬರ್ ಮ್ಯಾಟ್ ಖರ್ಚನ್ನು ಕೆಟಲ್‌ಬೆಲ್‌ನ ಬೆಲೆಯಲ್ಲೇ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ, ಬೆಳೆಯಲು ದಾರಿ ಇದೆಯಾ ಅನ್ನುವುದು. ಇವತ್ತು ಭಾರ ಅನ್ನಿಸಿದ್ದು ಮೂರು ತಿಂಗಳಲ್ಲಿ ಹಗುರಾಗುತ್ತದೆ. ಆಗ ಮತ್ತೆ ದುಡ್ಡು ಹಾಕಬೇಕಾ, ಅಥವಾ ಇದ್ದುದರಲ್ಲೇ ಕಷ್ಟ ಹೆಚ್ಚಿಸಬಹುದಾ?

ಕೆಟಲ್‌ಬೆಲ್

ರಷ್ಯಾದಲ್ಲಿ ಇದಕ್ಕೆ ಗಿರ್ಯಾ ಅಂತ ಹೆಸರು. ಅಲ್ಲಿನ ಹಳೆಯ ತೂಕ ಪೂಡ್, ಅಂದರೆ ಸುಮಾರು 16.4 ಕೆಜಿ. ಅದಕ್ಕೇ ಇವತ್ತಿಗೂ 16, 24, 32 ಅನ್ನುವ ತೂಕಗಳು ಮುಖ್ಯವಾಗಿ ಉಳಿದಿವೆ. ಒಂದು ಪೂಡ್, ಒಂದೂವರೆ, ಎರಡು. ಈಗ 8, 12, 20 ಎಲ್ಲವೂ ಸಿಗುತ್ತವೆ.

ಹಿಡಿತಕ್ಕೆ ಇದು ಒಳ್ಳೆಯದಾಗಲು ಕಾರಣ ಅದರ ತೂಕ ಕೈಯಿಂದ ಕೆಳಗೆ, ಒಂದು ಕಡೆ ಜೋತುಬಿದ್ದಿರುವುದು. ಒಂದೇ ಕೈಯಲ್ಲಿ ಬೀಸುವಾಗ ಅದು ಎದೆಮಟ್ಟದಿಂದ ಇಳಿದು ಕಾಲುಗಳ ನಡುವೆ ಹಾದುಹೋಗುತ್ತದೆ. ಆ ಕ್ಷಣ ಬೆರಳುಗಳಿಗೆ ಬೀಳುವ ಎಳೆತ, ಸುಮ್ನೆ ಹಿಡಿದು ನಿಂತಾಗ ಇರುವುದಕ್ಕಿಂತ ಎಷ್ಟೋ ಜಾಸ್ತಿ. ಜೊತೆಗೆ ಹಿಡಿಕೆ ಅಂಗೈಯಲ್ಲಿ ತಿರುಗಲು ನೋಡುತ್ತದೆ. ಇವೆರಡನ್ನೂ ಬೆರಳು ತಡೆಯಬೇಕು. ಆದ್ದರಿಂದ ತೂಗಿ ಹಿಡಿಯುವ ಬಲಕ್ಕೆ ಇದಕ್ಕಿಂತ ನೇರವಾದ ಸಾಧನ ಕಡಿಮೆ.

ಅದೇ ಕೆಟಲ್‌ಬೆಲ್ ತಲೆಕೆಳಗಾದರೆ ಬೇರೆಯೇ ಸಾಧನ ಆಗುತ್ತದೆ. ಹಿಡಿಕೆ ಕೆಳಗೆ, ಗುಂಡು ಮೇಲೆ ಬರುವಂತೆ ಮುಷ್ಟಿಯಲ್ಲಿ ನಿಲ್ಲಿಸಿ ನೋಡಿ. ಗುಂಡು ಯಾವ ಕಡೆಗೂ ಬೀಳಬಹುದು. ಅದನ್ನು ನಿಲ್ಲಿಸಲು ಪೂರ್ತಿ ಮುಷ್ಟಿ ಬಿಗಿಯಬೇಕು, ಮಣಿಕಟ್ಟೂ ನೇರ ಇರಬೇಕು. ಇದಕ್ಕೆ ನೀವು ಬೀಸುವ ತೂಕದ ಅರ್ಧ ಸಾಕು. 16 ಬೀಸುವವರು 8ರಲ್ಲಿ ಶುರು ಮಾಡಿ. ಮುಖದ ಮುಂದೆ ಬೇಡ, ಭುಜದ ಹೊರಗೆ ಹಿಡಿಯಿರಿ. ಹಿಡಿಕೆಗೆ ಟವೆಲ್ ಸುತ್ತಿದರೆ ಹಿಡಿತ ದಪ್ಪವಾಗಿ ಇನ್ನೂ ಕಷ್ಟ ಆಗುತ್ತದೆ. ಟವೆಲನ್ನು ಹಿಡಿಕೆಯೊಳಗೆ ತೂರಿಸಿ ಎರಡು ತುದಿ ಹಿಡಿದು ನಿಂತರೆ ಹಿಂಡುವ ಬಲ ಬೆಳೆಯುತ್ತದೆ. ಒಂದೇ ಸಾಮಾನಿನಲ್ಲಿ ಇಷ್ಟು ದಾರಿ ಇದೆ.

ಕೊಳ್ಳುವಾಗ ಮೂರು ಥರ ಕಾಣುತ್ತವೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ್ದು ಎಲ್ಲಕ್ಕಿಂತ ಅಗ್ಗ. ಹಿಡಿತಕ್ಕಾಗಿಯೇ ಕೊಳ್ಳುವವರು ಇದನ್ನು ಬಿಡಿ. ಹಿಡಿಕೆ ಒರಟಾಗಿ ದಪ್ಪ ಇರುತ್ತದೆ, ಒಳಗೆ ಬೆರಳಿಗೆ ಜಾಗ ಕಮ್ಮಿ, ಗುಂಡು ದೊಡ್ಡದಾಗಿ ಮುಂಗೈಗೆ ಬಡಿಯುತ್ತದೆ. ಎರಡನೆಯದು ಎರಕದ ಕಬ್ಬಿಣದ್ದು. ಸಾಮಾನ್ಯವಾಗಿ 16 ಕೆಜಿಗೆ ಎರಡು ಮೂರು ಸಾವಿರ ರೂಪಾಯಿ ಆಸುಪಾಸು. ಮನೆಗೆ ಇದು ಧಾರಾಳ ಸಾಕು. ಮೂರನೆಯದು ಸ್ಪರ್ಧೆಯ ಉಕ್ಕಿನದು. ಇದರಲ್ಲಿ ತೂಕ ಎಷ್ಟೇ ಇದ್ದರೂ ಆಕಾರ ಒಂದೇ, ಹಿಡಿಕೆ 33 ಅಥವಾ 35 ಮಿ.ಮೀ. ದಪ್ಪ. ಬೆಲೆ ಎರಕದ್ದಕ್ಕಿಂತ ಬಹಳ ಜಾಸ್ತಿ. ತೂಕ ಬದಲಾಯಿಸಿದರೂ ಕೈಗೆ ಅದೇ ಅಳತೆ ಸಿಗಬೇಕು ಅನ್ನುವವರಿಗೆ ಮಾತ್ರ ಅದು.

ಅಂಗಡಿಯಲ್ಲಿ ಒಂದು ಕೆಲಸ ತಪ್ಪದೆ ಮಾಡಿ. ಹಿಡಿಕೆಯ ಒಳಮೈ ಮೇಲೆ ನಿಧಾನವಾಗಿ ಬೆರಳು ಸವರಿ. ಎರಕ ಹೊಯ್ಯುವಾಗ ಅಚ್ಚಿನ ಎರಡು ಭಾಗ ಸೇರುವ ಕಡೆ ಒಂದು ಸಣ್ಣ ಏಣು ಉಳಿದಿರುತ್ತದೆ. ಉಗುರಿಗೆ ಅದು ತಾಕಿದರೆ, ನೂರು ಸಲ ಬೀಸಿದ ಮೇಲೆ ಅಂಗೈ ಚರ್ಮ ಅಲ್ಲೇ ಕಿತ್ತು ಬರುತ್ತದೆ. ಆಮೇಲೆ ನೆಲದ ಮೇಲಿಟ್ಟು ಅಲ್ಲಾಡಿಸಿ. ತಳ ಸಮ ಇರಬೇಕು. ಮುಂಬಯಿಯ ಧೋಬಿ ತಲಾವ್ ಕಡೆ ಕ್ರೀಡಾ ಸಾಮಾನಿನ ಅಂಗಡಿಗಳು ಒತ್ತೊತ್ತಾಗಿವೆ, ಕೈಯಲ್ಲಿ ಹಿಡಿದು ನೋಡಿ ತರಬಹುದು. ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಕಬ್ಬಿಣ ಹಳಸುವುದಿಲ್ಲ. ಮನೆ ಬದಲಾಯಿಸುವವರು ಈ ಭಾರ ಹೊರುವುದು ಬೇಡ ಅಂತ ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ.

ಇದರ ದೊಡ್ಡ ಕೊರತೆ ತೂಕದ ಜಿಗಿತ. 12ರಿಂದ 16ಕ್ಕೆ ಹೋಗುವುದು ಅಂದರೆ ಒಮ್ಮೆಲೇ ಮೂರನೇ ಒಂದು ಭಾಗ ಜಾಸ್ತಿ. ಭುಜ, ಸೊಂಟ ತಡೆದುಕೊಂಡರೂ ಬೆರಳು ತಡೆಯುವುದಿಲ್ಲ. ಇನ್ನೊಂದು, ಬೀಸುವ ರೀತಿ ಕಲಿಯಬೇಕು. ಸೊಂಟದಿಂದ ಬಾಗಬೇಕು, ಬೆನ್ನು ಗುಂಡಾಗಬಾರದು. ಗೊತ್ತಿಲ್ಲದೆ ಬೀಸಿದರೆ ಕೈಗಿಂತ ಮೊದಲು ಬೆನ್ನು ನೋಯುತ್ತದೆ. ಮೊದಲ ಕೆಲವು ಸಲ ಗೊತ್ತಿರುವವರ ಎದುರು ಮಾಡಿ.

ಪೈಪಿನಲ್ಲಿ ಮಾಡುವ ಬದಲಿಯೂ ಒಂದಿದೆ. ನಲ್ಲಿಯ ಕೆಲಸಕ್ಕೆ ಬಳಸುವ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಂದು ತುಂಡು ನೆಟ್ಟಗೆ, ಮೇಲೆ ಇಂಗ್ಲಿಷಿನ T ಆಕಾರದ ಜೋಡಣೆ, ಅದರ ಎರಡೂ ಕಡೆ ಹಿಡಿಯಲು ಸಣ್ಣ ತುಂಡು, ಕೆಳಗೆ ಫ್ಲ್ಯಾಂಜ್, ಅಂದರೆ ಅಗಲವಾದ ಬಿಲ್ಲೆಯಂಥ ತಳ. ನೆಟ್ಟಗಿನ ಪೈಪಿಗೆ ಜಿಮ್ಮಿನ ತೂಕದ ತಟ್ಟೆ ಏರಿಸಿ ಮೇಲೆ ಕ್ಲಾಂಪ್ ಹಾಕಿದರೆ ಎರಡು ಕೈಯಲ್ಲಿ ಬೀಸಲು ಆಗುತ್ತದೆ. ಒಂದೊಂದೇ ಕೆಜಿ ಹೆಚ್ಚಿಸಬಹುದು, ಇದು ಅದರ ಲಾಭ. ಮುಕ್ಕಾಲು ಇಂಚಿನ ಪೈಪಿನ ಹೊರ ದಪ್ಪ ಸುಮಾರು 27 ಮಿ.ಮೀ. ನಿಮ್ಮ ತಟ್ಟೆಯ ತೂತು ಅದಕ್ಕಿಂತ ದೊಡ್ಡದಿದೆಯಾ ಅಂತ ಅಳೆದುಕೊಂಡೇ ಹೋಗಿ. ತಲೆಕೆಳಗೆ ಹಿಡಿಯುವುದು, ಒಂದು ಕೈಯಲ್ಲಿ ಭುಜಕ್ಕೆ ತರುವುದು ಇದರಲ್ಲಿ ಆಗುವುದಿಲ್ಲ.

ಮುದ್ಗಲ್

ನಮ್ಮ ಗರಡಿಮನೆಗಳಲ್ಲಿ, ಇಲ್ಲಿಯ ತಾಲೀಮುಗಳಲ್ಲಿ ಇದು ಬಹಳ ಹಳೆಯ ಸಾಧನ. ಪುಣೆಯ ಪೇಠೆಗಳಲ್ಲಿ ಇವತ್ತಿಗೂ ತಾಲೀಮುಗಳಿವೆ. 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷರು ಇದನ್ನು ನೋಡಿ, ಹಗುರ ಮಾಡಿಕೊಂಡು, ತಮ್ಮ ಸೈನಿಕರ ಕವಾಯತಿಗೆ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಜೊತೆ ಇದರ ಸ್ಪರ್ಧೆಯೂ ಇತ್ತು. ಇಷ್ಟು ದೂರ ಹೋಗಿ ಬಂದ ಸಾಧನವನ್ನು ನಾವು ನಮ್ಮ ಬಾಲ್ಕನಿಯಲ್ಲಿ ಮಾಡಿಕೊಳ್ಳಬಹುದು ಅನ್ನುವುದು ನನಗೆ ತುಂಬಾ ಖುಷಿಯ ವಿಷಯ.

ಇದರ ಗುಟ್ಟು ತೂಕದಲ್ಲಿಲ್ಲ, ದೂರದಲ್ಲಿದೆ. 2 ಕೆಜಿ ತೂಕ ಕೈಯಿಂದ 40 ಸೆಂ.ಮೀ. ದೂರ ಇದ್ದರೆ, ಅಡ್ಡ ಹಿಡಿದಾಗ ಮಣಿಕಟ್ಟಿಗೆ ಬೀಳುವ ಹೊರೆ 4 ಕೆಜಿಯನ್ನು 20 ಸೆಂ.ಮೀ. ದೂರದಲ್ಲಿ ಹಿಡಿದಷ್ಟೇ. ಆದ್ದರಿಂದ ಕೈಯಲ್ಲಿ ಎತ್ತಿ ನೋಡಿ, ಇಷ್ಟೇನಾ ಅಂತ ಭಾರದ ಜೋಡಿ ಆರಿಸಬೇಡಿ. ಬೀಸಲು ಶುರು ಮಾಡಿದ ಮೇಲೆ ಅದು ಬೇರೆಯೇ ವಸ್ತು. ಸುತ್ತು ಹೊಡೆದು ಕೆಳಗೆ ಬರುವಾಗ ಮುದ್ಗಲ್ ಕೈ ಬಿಟ್ಟು ಹಾರಲು ಎಳೆಯುತ್ತದೆ. ಆಗ ಉಂಗುರಬೆರಳು, ಕಿರುಬೆರಳು ಬಿಗಿಯುತ್ತವೆ. ಮೇಲೆ ಹೋದಾಗ ಹಿಡಿತ ಸಡಿಲಾಗುತ್ತದೆ. ಈ ಬಿಗಿ, ಸಡಿಲ, ಮತ್ತೆ ಬಿಗಿ ಅನ್ನುವ ಲಯ ಕೆಟಲ್‌ಬೆಲ್‌ನಲ್ಲಿ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಮೌಸ್ ಹಿಡಿದು ಒಂದೇ ಕಡೆ ಮರಗಟ್ಟಿದ ಮಣಿಕಟ್ಟಿಗೆ ಎಲ್ಲ ದಿಕ್ಕಿನ ಓಡಾಟವೂ ಸಿಗುತ್ತದೆ. ಭುಜ ಬಿಚ್ಚಿಕೊಳ್ಳುವುದು ಅದರ ಜೊತೆಗೆ ಬರುವ ಲಾಭ.

ಬೆಳೆಯುವ ದಾರಿಯೂ ಇದರಲ್ಲಿ ನುಣುಪಾಗಿದೆ. ಹಿಡಿಕೆಯ ತುದಿ ಬಿಟ್ಟು ಎರಡು ಬೆರಳು ಮುಂದೆ ಹಿಡಿದರೆ ಹಗುರ, ತುದಿಗೆ ಹಿಡಿದರೆ ಭಾರ. ಒಂದೇ ಜೋಡಿಯಲ್ಲಿ ತಿಂಗಳುಗಟ್ಟಲೆ ಕೆಲಸ ಸಿಗುತ್ತದೆ.

ಮಾಡಿಕೊಳ್ಳುವ ದಾರಿಗಳಲ್ಲಿ ನಾನು ಮೂರನ್ನು ಹೇಳುತ್ತೇನೆ.

ಮೊದಲನೆಯದು ಬಾಟಲಿ. ತಂಪು ಪಾನೀಯದ 1 ಲೀಟರ್ ಬಾಟಲಿಯಲ್ಲಿ ಒಣ ಉಸುಕು ತುಂಬಿದರೆ ಸುಮಾರು ಒಂದೂವರೆ ಕೆಜಿ ಆಗುತ್ತದೆ. ಅರ್ಧ ಲೀಟರ್‌ನದು ಮುಕ್ಕಾಲು ಕೆಜಿ. ಶುರು ಮಾಡಲು ಇಷ್ಟೇ ಬೇಕು. ಬಾಟಲಿಯ ಬಾಯಿಗೆ ಸರಿಯಾಗಿ ಕೂರುವ ಗಟ್ಟಿ ಮರದ ಕೋಲು ತಗೊಳ್ಳಿ. ಬಹಳ ಜನ ಕೋಲನ್ನು ಬಾಯಿಗೆ ಸಿಕ್ಕಿಸಿ ಟೇಪ್ ಸುತ್ತಿ ಬಿಡುತ್ತಾರೆ. ಅದು ಬೀಸುವಾಗ ಕಳಚಿ ಹಾರುತ್ತದೆ. ಕೋಲು ಬಾಟಲಿಯ ತಳ ಮುಟ್ಟಬೇಕು. ತಳದಲ್ಲಿ ತೂತು ಮಾಡಿ, ಅಗಲವಾದ ವಾಷರ್ ಇಟ್ಟು, ಕೋಲಿನ ತುದಿಗೆ ಸ್ಕ್ರೂ ಬಿಗಿಯಿರಿ. ಆಮೇಲೆ ಕೋಲು ಮತ್ತು ಬಾಯಿಯ ಸಂದಿನಿಂದ ಉಸುಕು ಸುರಿಯಬೇಕು. ಸಂದು ಸಣ್ಣದಿರುವುದರಿಂದ ಜರಡಿ ಹಿಡಿದ ನುಣ್ಣನೆ ಉಸುಕೇ ಬೇಕು, ಕಾಗದದ ಆಲಿಕೆ ಮಾಡಿಕೊಂಡರೆ ಸುಲಭ. ತಟ್ಟಿ ತಟ್ಟಿ ತುಂಬಿ, ಇಲ್ಲದಿದ್ದರೆ ಒಳಗೆ ಸರಿದಾಡುತ್ತದೆ. ಕೊನೆಗೆ ಕುತ್ತಿಗೆಯನ್ನು ಬಟ್ಟೆ ಟೇಪಿನಿಂದ ಬಿಗಿಯಾಗಿ ಸುತ್ತಿ. ಖರ್ಚು ನೂರಿನ್ನೂರು ರೂಪಾಯಿ ದಾಟುವುದಿಲ್ಲ. ಆಯುಷ್ಯ ಕಮ್ಮಿ, ಆದರೆ ನಿಮಗೆ ಈ ವ್ಯಾಯಾಮ ಒಗ್ಗುತ್ತದಾ ಅಂತ ತಿಳಿಯಲು ಸಾಕು.

ಎರಡನೆಯದು ಪೈಪ್. 2 ಇಂಚಿನ ಪಿ.ವಿ.ಸಿ. ಪೈಪು 40 ಸೆಂ.ಮೀ., ಕೆಳಗೆ ಎಂಡ್ ಕ್ಯಾಪ್, ಮೇಲೆ ರೆಡ್ಯೂಸರ್ (ದಪ್ಪ ಪೈಪಿಗೆ ಸಣ್ಣ ಪೈಪು ಸೇರಿಸುವ ಜೋಡಣೆ), ಅದರಿಂದ 1 ಇಂಚಿನ ಹಿಡಿಕೆ. ಉಸುಕು ತುಂಬಿದರೆ ಪೈಪಿನ ತೂಕವೂ ಸೇರಿ ಒಂದೂವರೆ ಕೆಜಿ ಹತ್ತಿರ ಬರುತ್ತದೆ. ಪುಣೆಯ ಬೋಹರಿ ಆಳಿಯಲ್ಲಾಗಲಿ, ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಾಗಲಿ ಹಾರ್ಡ್‌ವೇರ್ ಅಂಗಡಿಗಳ ಸಾಲೇ ಇದೆ, ಸಾಮಾನು ಅಲ್ಲಿ ಸಿಗುತ್ತದೆ. ಇದರ ನಂಬಲಾಗದ ಜಾಗ ರೆಡ್ಯೂಸರ್. ಬೀಸಿದ ಹೊರೆಯೆಲ್ಲ ಆ ಕೀಲಿಗೇ ಬೀಳುತ್ತದೆ. ಅದಕ್ಕೆ ಹಿಡಿಕೆಯ ತುದಿಯಿಂದ ತಳದ ಕ್ಯಾಪ್‌ವರೆಗೆ ಒಳಗೆ ಒಂದು ಮರದ ಕೋಲು ಹಾಯಿಸಿ, ಎರಡೂ ತುದಿಗೆ ಸ್ಕ್ರೂ ಹಾಕಿ. ಬಿಸಿಲಿನಲ್ಲಿ ಬಿಡಬೇಡಿ, ಪಿ.ವಿ.ಸಿ. ಬಿಸಿಲಿಗೆ ಸಿಡಿಯುವ ಹಾಗೆ ಗಡುಸಾಗುತ್ತದೆ. ಕಿಟಕಿಯ ಗ್ರಿಲ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯವರು ಕಬ್ಬಿಣದ ಪೈಪಿನಲ್ಲೇ ವೆಲ್ಡ್ ಮಾಡಿಕೊಡುತ್ತಾರೆ. 1 ಇಂಚಿನ ಜಿ.ಐ. ಪೈಪಿನ ಹೊರ ದಪ್ಪ ಸುಮಾರು 33.7 ಮಿ.ಮೀ., ಅಂದರೆ ಸ್ಪರ್ಧೆಯ ಕೆಟಲ್‌ಬೆಲ್ ಹಿಡಿಕೆಯ ಅಳತೆಯೇ. ಗಟ್ಟಿ ಬೇಕು, ಅಂದ ಬೇಡ ಅನ್ನುವವರಿಗೆ ಇದು ಸರಿ.

ಮೂರನೆಯದು ಮರ. ನನ್ನ ಮನಸ್ಸು ಇರುವುದು ಇದರಲ್ಲೇ. ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ಗೆ ಹೋಗಿ ಮರ ಆರಿಸಿ, ಲೇತ್‌ನಲ್ಲಿ ಕಡೆಸಿಕೊಳ್ಳಬೇಕು. ತೇಗ ಹಗುರ, ಜಾಲಿ ಭಾರ. 60 ಸೆಂ.ಮೀ. ಉದ್ದ, ಹೊಟ್ಟೆಯ ಕಡೆ 9 ಸೆಂ.ಮೀ. ದಪ್ಪದ ತೇಗದ ಮುದ್ಗಲ್ ಒಂದೂವರೆಯಿಂದ ಎರಡು ಕೆಜಿ ತೂಗುತ್ತದೆ. ಅದೇ ಅಳತೆ ಜಾಲಿಯಲ್ಲಿ ಇನ್ನೂ ಅರ್ಧ ಕೆಜಿಯಷ್ಟು ಜಾಸ್ತಿ.

ಅಲ್ಲಿಯ ಒಬ್ಬ ಹಿರಿಯ ಕೆಲಸಗಾರ ನಾನು ಆರಿಸಿದ ತುಂಡನ್ನು ಕೈಗೆ ತಗೊಂಡು, ಎರಡೂ ತುದಿಗೆ ನೀರು ಸವರಿದರು. ಒಂದು ತುದಿಯಲ್ಲಿ ಕೂದಲೆಳೆಯಷ್ಟು ಗೆರೆಯೊಂದು ಕಪ್ಪಗೆ ಎದ್ದು ಕಂಡಿತು. "ಇದು ಬೀಸುವಾಗ ಸೀಳುತ್ತದೆ ಸಾಹೇಬ್, ಇಡಿ" ಅಂತ ಪಕ್ಕಕ್ಕೆ ಇಟ್ಟರು. ಇನ್ನೊಂದು ತುಂಡು ತೆಗೆದು ಉದ್ದಕ್ಕೂ ಗೆರೆ ತೋರಿಸಿದರು. ಹಿಡಿಕೆಯಿಂದ ತಳದವರೆಗೆ ಗೆರೆ ನೇರ ಹೋಗಬೇಕು, ಕುತ್ತಿಗೆ ಬರುವ ಜಾಗದಲ್ಲಿ ಗಂಟು ಇರಬಾರದು. ಈ ಎರಡು ಮಾತು ನೆನಪಿದ್ದರೆ ಮರದಲ್ಲಿ ಮೋಸ ಹೋಗುವುದಿಲ್ಲ.

ಹಿಡಿಕೆಯ ತುದಿಗೆ ಗುಂಡು ಬಿಡಿಸಲು ಹೇಳಿ. ಕೈ ಬೆವತು ಜಾರಿದರೂ ಕಿರುಬೆರಳಿಗೆ ಅದು ತಡೆ. ತಳ ಚಪ್ಪಟೆ ಇರಲಿ, ನೆಲದ ಮೇಲೆ ನಿಲ್ಲುತ್ತದೆ. ಹಿಡಿಕೆಯನ್ನು ಬೇರೆ ಮಾಡಿ ಅಂಟಿಸುವುದು ಬೇಡ, ಪೂರ್ತಿ ಒಂದೇ ತುಂಡು ಆಗಿರಬೇಕು. ವಾರ್ನಿಶ್ ಬೇಡ, ಜಾರುತ್ತದೆ. ಅಗಸೆ ಎಣ್ಣೆ ಒರೆಸಿದರೆ ಸಾಕು. ಮರ, ಕೂಲಿ ಸೇರಿ ಜೋಡಿಗೆ ಒಂದು ಕೆಟಲ್‌ಬೆಲ್‌ನ ಹತ್ತಿರ ಖರ್ಚು ಬರಬಹುದು. ಆದರೆ ನಿಮ್ಮ ಮಗಳು ಬೀಸುವ ಕಾಲಕ್ಕೂ ಅದು ಇರುತ್ತದೆ.

ಮುದ್ಗಲಿನ ಕೊರತೆಗಳೂ ಸಣ್ಣವಲ್ಲ. ಜಾಗ ಬೇಕು. ಸೊಸೈಟಿಯ ಟೆರೇಸಿಗೆ ಬೀಗ ಇದ್ದರೆ ಸೆಕ್ರೆಟರಿಯನ್ನು ಕೇಳಿ, ಇಲ್ಲವೇ ಬೆಳಿಗ್ಗೆ ಬೇಗ ಪಾರ್ಕಿಗೆ ಹೋಗಿ. ಸುತ್ತ ಮಕ್ಕಳು ಇರಬಾರದು. ತೂಗಿ ಹಿಡಿಯುವ ಬಲವನ್ನು ಇದು ಹೆಚ್ಚು ಬೆಳೆಸುವುದಿಲ್ಲ. ಮತ್ತೆ ಭುಜ ಒಮ್ಮೆ ಕೀಲು ತಪ್ಪಿದವರು ತಲೆಯ ಹಿಂದೆ ಸುತ್ತುವ ವರಸೆಗೆ ಕೈ ಹಾಕಬಾರದು. ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಉದ್ದ ಕೋಲಿನ ತುದಿಗೆ ಸಿಮೆಂಟಿನ ಗುಂಡು ಕೂರಿಸಿ ಗದೆ ಮಾಡಿಕೊಳ್ಳುವವರೂ ಇದ್ದಾರೆ. ಅದು ಮೊದಲ ಸಾಧನ ಅಲ್ಲ. ಮುದ್ಗಲ್ ಚೆನ್ನಾಗಿ ಒಗ್ಗಿದ ಮೇಲೆ ಯೋಚಿಸಿ.

ದುಡ್ಡೇ ಬೇಡದ ದಾರಿ

ಬಕೆಟ್ ಎರಡು, ನೀರು. ಹಿಡಿಕೆಗೆ ಬಟ್ಟೆ ಸುತ್ತಿ ಪಾರ್ಕಿಂಗ್‌ನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಿರಿ. ನೀರನ್ನು ಗಿಡಕ್ಕೆ ಹಾಕಿ. ಗಟ್ಟಿ ಸರಳಿಗೆ ಟವೆಲ್ ಹಾಕಿ ಜೋತುಬೀಳಬಹುದು. ಕೆಟಲ್‌ಬೆಲ್ ಬೆರಳಿಗೆ ಕೊಡುವುದರಲ್ಲಿ ದೊಡ್ಡ ಪಾಲು ಇಷ್ಟರಲ್ಲೇ ಸಿಗುತ್ತದೆ, ಬೀಸುವಾಗಿನ ಎಳೆತ ಒಂದು ಸಿಗುವುದಿಲ್ಲ. ದುಡ್ಡಿನ ಅಡಚಣೆ ಇರುವವರು ಬಕೆಟ್ ಮತ್ತು ಬಾಟಲಿ ಮುದ್ಗಲ್ ಇಟ್ಟುಕೊಂಡರೆ ಆರು ತಿಂಗಳಿಗೆ ಏನೂ ಕೊಳ್ಳಬೇಕಿಲ್ಲ.

ಹಾಗಾದರೆ ಯಾರಿಗೆ ಯಾವುದು

ಕಂಪ್ಯೂಟರ್ ಕೆಲಸದವರು ಮುದ್ಗಲಿನಿಂದ ಶುರು ಮಾಡಿ, ಅದೂ ಮುಕ್ಕಾಲು ಕೆಜಿಯ ಬಾಟಲಿ ಜೋಡಿಯಿಂದ. ನಿಮ್ಮ ಕೈಗೆ ಬಲಕ್ಕಿಂತ ಮೊದಲು ಓಡಾಟ ಬೇಕು. ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಎರಡೂ ಬೇಡ, ಮೊದಲು ಡಾಕ್ಟರ್.

ಹೋಟೆಲಿನವರಿಗೆ ತೂಗುವ ಬಲ ಕೆಲಸದಲ್ಲೇ ಬಂದಿರುತ್ತದೆ. ದಿನವೆಲ್ಲ ಎತ್ತಿ ಬಂದ ಕೈಗೆ ಮತ್ತೆ 16 ಕೆಜಿ ಕೊಡುವುದು ಸರಿಯಲ್ಲ. ಅವರಿಗೂ ಹಗುರ ಮುದ್ಗಲ್, ರಜೆಯ ದಿನ ಮಾತ್ರ.

ಸಿಂಹಗಡ ಹತ್ತಿ, ಸಹ್ಯಾದ್ರಿಯ ಬಂಡೆ ಏರುವ ಹುಡುಗ ಹುಡುಗಿಯರಿಗೆ ಕೆಟಲ್‌ಬೆಲ್. ಕುಸ್ತಿ, ಕಬಡ್ಡಿ ಆಡುವವರಿಗೂ ಅದೇ ಮೊದಲು. ಎದುರಾಳಿಯ ಕೈ ಹಿಡಿದು ತಿರುಚುವ ಆಟಕ್ಕೆ ಮುದ್ಗಲನ್ನೂ ಸೇರಿಸಿಕೊಳ್ಳಬೇಕು. ಗಂಡಸರು ಸಾಮಾನ್ಯವಾಗಿ 12 ಅಥವಾ 16, ಹೆಂಗಸರು 8 ಅಥವಾ 12 ಕೆಜಿಯಿಂದ ಶುರು ಮಾಡಬಹುದು. ಸಂಶಯ ಇದ್ದರೆ ಹಗುರದ್ದನ್ನೇ ತನ್ನಿ. ತಲೆಕೆಳಗೆ ಹಿಡಿಯಲು ಅದು ಮುಂದೆಯೂ ಬೇಕಾಗುತ್ತದೆ, ಹಾಳಾಗುವುದಿಲ್ಲ.

ವಯಸ್ಸಾದವರಿಗೆ ನಾನು ಬಕೆಟಿನ ನಡಿಗೆ ಹೇಳುತ್ತೇನೆ, 3 ಲೀಟರಿನಿಂದ. ಬಿಗಿಯಾಗಿ ಹಿಡಿದು ಉಸಿರು ಕಟ್ಟಿದರೆ ಬಿ.ಪಿ. ಏರುತ್ತದೆ. ಉಸಿರಾಡುತ್ತಾ, ಮಾತಾಡುತ್ತಾ ಮಾಡಿ.

ಎರಡರಲ್ಲಿ ಒಂದನ್ನೇ ತರಲು ಸಾಧ್ಯ, ಕೈಯಲ್ಲಿ ಯಾವ ನೋವೂ ಇಲ್ಲ, ವಯಸ್ಸು ಐವತ್ತರೊಳಗೆ ಅನ್ನುವವರಿಗೆ ನನ್ನ ಉತ್ತರ ಎರಕದ ಕೆಟಲ್‌ಬೆಲ್. ಮುದ್ಗಲನ್ನು ಬಾಟಲಿಯಲ್ಲಿ ಮಾಡಿಕೊಳ್ಳಬಹುದು. ಕೆಟಲ್‌ಬೆಲ್‌ಗೆ ಅಷ್ಟು ಒಳ್ಳೆಯ ಬದಲಿಯನ್ನು ಮನೆಯಲ್ಲಿ ಮಾಡುವುದು ಕಷ್ಟ.

ಯಾವುದೇ ತಂದರೂ ಇಷ್ಟು ಗಮನಿಸಿ

ವಾರಕ್ಕೆ ಮೂರು ದಿನ ಸಾಕು. ಕೆಟಲ್‌ಬೆಲ್ ಹಿಡಿದು ಅರ್ಧ ಅರ್ಧ ನಿಮಿಷದ ನಡಿಗೆ ನಾಲ್ಕು ಸಲ, ಒಂದೊಂದು ಕೈಯಲ್ಲಿ ಹತ್ತು ಬೀಸು. ಮುದ್ಗಲ್ ಆದರೆ ಒಂದೊಂದು ದಿಕ್ಕಿಗೆ ಹತ್ತು ಹನ್ನೆರಡು ಸುತ್ತು. ಹಿಡಿತ ಪೂರ್ತಿ ಸೋಲುವ ಮೊದಲೇ ಕೆಳಗಿಡಿ. ಇಲ್ಲಿ ಸೋತ ಕೈಯಿಂದ ವಸ್ತು ಹಾರಿಹೋಗುತ್ತದೆ.

ಬೆರಳು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವನ್ನು ಎಲುಬಿಗೆ ಕಟ್ಟುವ ತಂತುಗಳು ಸ್ನಾಯುವಿನಷ್ಟು ಬೇಗ ಗಟ್ಟಿಯಾಗುವುದಿಲ್ಲ. ಎರಡನೇ ತಿಂಗಳಲ್ಲಿ ಬಲ ಬಂತು ಅಂತ ತೂಕ ಏರಿಸಿದವರಿಗೆ ಮೊಣಕೈಯ ಒಳಬದಿಯೋ ಹೊರಬದಿಯೋ ನೋವು ಶುರುವಾಗುವುದು ಇದಕ್ಕೇ. ಅದಕ್ಕೆ ತಡೆ ಅಂದರೆ ಬೆರಳು ಬಿಚ್ಚುವ ಕೆಲಸ. ಅಕ್ಕಿ ಡಬ್ಬಿಯೊಳಗೆ ಮಣಿಕಟ್ಟಿನವರೆಗೆ ಕೈ ಹೂತು, ಬೆರಳುಗಳನ್ನು ಅಗಲ ಬಿಚ್ಚಿ, ಮತ್ತೆ ಮಡಚಿ. ಒಂದೆರಡು ನಿಮಿಷದಲ್ಲೇ ಮುಂಗೈಯ ಹಿಂಬದಿ ಉರಿಯುತ್ತದೆ. ಪ್ರತಿ ಸಲ ಅಭ್ಯಾಸದ ಕೊನೆಗೆ ಇದನ್ನು ಮಾಡಿ. ವ್ಯಾಯಾಮಕ್ಕೆ ಅಂತ ಸ್ವಲ್ಪ ಅಗ್ಗದ ಅಕ್ಕಿ ಬೇರೆಯೇ ಇಟ್ಟುಕೊಳ್ಳಿ.

ಬೆವರಿಗೆ ಹಿಡಿಕೆ ಜಾರುತ್ತದೆ, ಮುಂಬಯಿ ಮತ್ತು ಗೋವಾದಲ್ಲಿ ಅಂತೂ ವರ್ಷವಿಡೀ. ಮುದ್ಗಲಿನ ಹಿಡಿಕೆಗೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಏರಿಸಿ, ಬಹಳ ಚೆನ್ನಾಗಿ ಕೂರುತ್ತದೆ. ಕೆಟಲ್‌ಬೆಲ್‌ಗೆ ರಬ್ಬರ್ ಬೇಡ, ಚರ್ಮ ಹಿಡಿದು ಎಳೆಯುತ್ತದೆ. ಅದಕ್ಕೆ ಜಿಮ್ನಾಸ್ಟಿಕ್ಸ್‌ನವರು ಬಳಸುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಸಾಕು. ಅಂಗೈ ಜಡ್ಡುಗಟ್ಟಿದರೆ ಸ್ನಾನದ ಹೊತ್ತಿಗೆ ಕಲ್ಲಿನಿಂದ ಉಜ್ಜಿ ಸಮ ಮಾಡಿ. ಎದ್ದು ನಿಂತ ಜಡ್ಡೇ ಕಿತ್ತುಬರುವುದು.

ಮಳೆಗಾಲದಲ್ಲಿ ಕೆಟಲ್‌ಬೆಲನ್ನು ಬಾಲ್ಕನಿಯಲ್ಲಿ ಬಿಡಬೇಡಿ. ಪ್ರತಿ ಸಲ ಬೆವರು ಒರೆಸಿ, ತುಕ್ಕಿನ ಚುಕ್ಕೆ ಕಂಡರೆ ಉಜ್ಜುಕಾಗದ ಹಚ್ಚಿ, ಒಂದು ಹನಿ ಎಣ್ಣೆ ಸವರಿ. ಮರದ ಮುದ್ಗಲ್ ತೇವಕ್ಕೆ ಉಬ್ಬಿ, ಆಮೇಲೆ ಒಣಗುವಾಗ ಬಿರುಕು ಬಿಡುತ್ತದೆ. ಗೋಡೆಗೆ ತಾಗಿಸದೆ ಗಾಳಿ ಆಡುವ ಕಡೆ ನಿಲ್ಲಿಸಿ. ಬೀಸುವ ಮೊದಲು ಪ್ರತಿ ದಿನ ಕುತ್ತಿಗೆಯ ಸುತ್ತ ಉಗುರು ಆಡಿಸಿ ನೋಡಿ. ಬಾಟಲಿಯದಾದರೆ ತಳದ ಸ್ಕ್ರೂ ಬಿಗಿ ಇದೆಯಾ, ಪೈಪಿನದಾದರೆ ಕೀಲಿನಲ್ಲಿ ಬಿಳಿ ಗೆರೆ ಎದ್ದಿದೆಯಾ ಅಂತ ನೋಡಿ. ಗೆರೆ ಕಂಡರೆ ಅವತ್ತು ಬಕೆಟ್ ಹಿಡಿದು ನಡೆಯಿರಿ, ಮುದ್ಗಲನ್ನು ಬಿಚ್ಚಿ ಹೊಸದಾಗಿ ಕಟ್ಟಿ.